ಹುಟ್ಟುಗುಣವೋ ಕಾಯಿಲೆಯೋ: ವಯಸ್ಸಿನಿಂದ ವಯಸ್ಸಿಗೆ ಖಿನ್ನತೆ ಮತ್ತು ವ್ಯಕ್ತಿತ್ವ ದೋಷ



ಈ ದತ್ತಿ ಉಪನ್ಯಾಸದ ಸಂಘಟಕರು ನನಗೆ ಕೊಟ್ಟ ವಿಷಯ ‘ವಿವಿಧ ವಯೋಮಾನದವರಲ್ಲಿ ವ್ಯಕ್ತಿತ್ವ ದೋಷ ಮತ್ತು ಖಿನ್ನತೆ’. ಆಹ್ವಾನ ಪತ್ರಿಕೆಯಲ್ಲಿ ಅಚ್ಚಾದಾಗ ಅದು ಪರೀಕ್ಷೆಗೆ ಬರುವ ಪ್ರಶ್ನೆಯ ಹಾಗೆ ಕಾಣುತ್ತದೆ. ಒಪಿಡಿಯಲ್ಲಿ ಮಾತ್ರ ಅದು ಬೇರೆ ರೂಪದಲ್ಲಿ ಬರುತ್ತದೆ. “ಡಾಕ್ಟ್ರೇ, ಇದು ಕಾಯಿಲೆಯಾ, ಇಲ್ಲಾ ಇವನ ಗುಣಾನೇ ಹೀಗಾ?” ಕೇಳುವವರು ತಾಯಿ ಆಗಿರಬಹುದು, ಗಂಡ ಆಗಿರಬಹುದು, ಮಾವನನ್ನು ಕರೆತಂದ ಸೊಸೆ ಆಗಿರಬಹುದು. ಬಹಳ ಸಲ ಉತ್ತರವನ್ನೂ ಅವರೇ ತಂದಿರುತ್ತಾರೆ: ಹುಟ್ಟುಗುಣ ಸುಟ್ಟರೂ ಹೋಗದು. ಈ ಗಾದೆಯ ಮೇಲೆ ಜಗಳ ತೆಗೆಯುವುದೇ ಇವತ್ತಿನ ನನ್ನ ಕೆಲಸ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂದು ನಂಬಿದವರು ಸ್ವಲ್ಪ ಹೊತ್ತು ತಾಳಿಕೊಳ್ಳಬೇಕು.

ನನ್ನ ವಾದ ಇಷ್ಟೇ. ನಾವು ಕಾಯಿಲೆಯನ್ನು ಗುಣವೆಂದು ಕರೆದು ಚಿಕಿತ್ಸೆ ತಪ್ಪಿಸುತ್ತೇವೆ. ನಿಜವಾಗಿ ಸ್ವಭಾವದಲ್ಲೇ ತೊಡಕಿದ್ದಾಗ ಅದು ಬದಲಾಗುವುದೇ ಇಲ್ಲವೆಂದು ಕೈಬಿಡುತ್ತೇವೆ. ಇವೆರಡರಲ್ಲಿ ಯಾವ ತಪ್ಪು ಮಾಡುತ್ತೇವೆ ಎನ್ನುವುದು ಎದುರಿಗಿರುವವರ ವಯಸ್ಸಿನ ಮೇಲೆ ನಿಂತಿರುತ್ತದೆ. ಮುಂದೆ ಹೇಳುವ ಉದಾಹರಣೆಗಳು ಯಾರೊಬ್ಬರ ಕಥೆಯೂ ಅಲ್ಲ. ಹಲವರನ್ನು ಬೆರೆಸಿ ಹೇಳುತ್ತಿದ್ದೇನೆ.

ಖಿನ್ನತೆಗೆ ಸಾಮಾನ್ಯವಾಗಿ ಒಂದು ಆರಂಭ ಇರುತ್ತದೆ. “ಯುಗಾದಿವರೆಗೂ ಚೆನ್ನಾಗಿದ್ದ, ಆಮೇಲೆ ಮಂಕಾಗಿಬಿಟ್ಟ” ಎಂದು ಮನೆಯವರು ಹೇಳಬಲ್ಲರು. ಕನಿಷ್ಠ ಎರಡು ವಾರ, ದಿನದ ಬಹುಪಾಲು ಹೊತ್ತು ಮನಸ್ಸು ಕುಸಿದಿರುತ್ತದೆ, ಇಲ್ಲವೇ ಯಾವುದರಲ್ಲೂ ಆಸಕ್ತಿ ಹುಟ್ಟುವುದಿಲ್ಲ. ಜೊತೆಗೆ ನಿದ್ದೆ ಕೆಡುತ್ತದೆ, ಹಸಿವು ಕೆಡುತ್ತದೆ, ಸುಸ್ತು, ತಾನು ಯಾರಿಗೂ ಬೇಡವೆಂಬ ಭಾವ, ಸಾವಿನ ಯೋಚನೆ. ವ್ಯಕ್ತಿತ್ವ ದೋಷಕ್ಕೆ ಹೀಗೆ ತಾರೀಕು ಹೇಳಲಾಗುವುದಿಲ್ಲ. ತನ್ನನ್ನು ತಾನು ಕಾಣುವ ರೀತಿ, ಬೇರೆಯವರನ್ನು ನಂಬುವ ಅಥವಾ ನಂಬದಿರುವ ರೀತಿ, ಸಿಟ್ಟು ಬಂದಾಗ ನಡೆದುಕೊಳ್ಳುವ ರೀತಿ, ಇವೆಲ್ಲ ವರ್ಷಗಟ್ಟಲೆ ಒಂದೇ ಕಡೆ ಸಿಕ್ಕಿಹಾಕಿಕೊಂಡಿರುತ್ತವೆ. ಮನೆಯಲ್ಲೂ ಅದೇ, ಕಚೇರಿಯಲ್ಲೂ ಅದೇ, ಸ್ನೇಹದಲ್ಲೂ ಅದೇ. ಜರ್ಮನಿಯ ಮನೋವೈದ್ಯ ಕುರ್ಟ್ ಶ್ನೈಡರ್ 1923ರಲ್ಲೇ ಇದಕ್ಕೊಂದು ಅಳತೆ ಕೊಟ್ಟಿದ್ದರು: ಆ ಸ್ವಭಾವದಿಂದ ಒಂದೋ ಆ ವ್ಯಕ್ತಿ ನರಳಬೇಕು, ಇಲ್ಲವೇ ಸುತ್ತಲಿನವರು ನರಳಬೇಕು. ಬರೀ ಸಿಡುಕು, ಜಿಪುಣತನ, ನಾಚಿಕೆ ಇವು ದೋಷಗಳಲ್ಲ. ಅವನ್ನೂ ಸೇರಿಸಿದರೆ ವೇದಿಕೆಯ ಮೇಲಿರುವ ನಾವೇ ಮೊದಲು ಅಡ್ಮಿಟ್ ಆಗಬೇಕಾಗುತ್ತದೆ.

1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯ ಮೂರನೆಯ ಆವೃತ್ತಿ ಬಂದಾಗ ವ್ಯಕ್ತಿತ್ವ ದೋಷಗಳಿಗೆ ಪ್ರತ್ಯೇಕ ಸ್ಥಾನ ಸಿಕ್ಕಿತು. ಅನುಮಾನದವರು, ಅವಲಂಬಿಸುವವರು, ಆತ್ಮರತಿಯವರು, ಬಾರ್ಡರ್‌ಲೈನ್ ಎಂದು ಪಂಗಡಗಳಾದವು. 2022ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಹನ್ನೊಂದನೆಯ ವರ್ಗೀಕರಣ ಈ ಪಂಗಡಗಳನ್ನು ಬಹುಮಟ್ಟಿಗೆ ಕೈಬಿಟ್ಟಿದೆ. ತೊಡಕು ಅಲ್ಪವೇ, ಮಧ್ಯಮವೇ, ತೀವ್ರವೇ ಎಂದು ಮೊದಲು ಕೇಳುತ್ತದೆ. ಯಾವ ಬಗೆಯ ಲಕ್ಷಣ ಎಂಬುದು ಆಮೇಲೆ. ಬಾರ್ಡರ್‌ಲೈನ್ ಎಂಬ ಒಂದು ಹೆಸರನ್ನು ಮಾತ್ರ ಹೆಚ್ಚುವರಿ ಗುರುತಾಗಿ ಉಳಿಸಿಕೊಂಡಿದೆ. ನನಗೆ ಇದು ಒಳ್ಳೆಯ ಬದಲಾವಣೆ ಅನಿಸುತ್ತದೆ. ಈಗ ವಾಟ್ಸಾಪ್‌ನಲ್ಲಿ ‘ನಾರ್ಸಿಸಿಸ್ಟ್ ಗಂಡನನ್ನು ಗುರುತಿಸುವುದು ಹೇಗೆ’ ಎಂದು ಪಟ್ಟಿಗಳು ಓಡಾಡುತ್ತಿವೆ. ಅದನ್ನು ಓದಿದ ಸೊಸೆ ಅತ್ತೆಗೂ ಅದೇ ಹಣೆಪಟ್ಟಿ ಅಂಟಿಸುತ್ತಾಳೆ, ಅತ್ತೆಗೆ ಸ್ಮಾರ್ಟ್‌ಫೋನ್ ಬಂದ ಮೇಲೆ ಅದು ವಾಪಸ್ಸೂ ಬರುತ್ತದೆ.

ಎರಡೂ ಕಾಯಿಲೆಗಳು ಒಂದೇ ದೇಹದಲ್ಲಿ ಸೇರುವುದನ್ನು ನೋಡಬೇಕಾದರೆ ಇಪ್ಪತ್ತರ ಆಸುಪಾಸಿನ ವಯಸ್ಸಿಗೆ ಹೋಗಬೇಕು. ಹುಟ್ಟಿನಿಂದ ಮುಪ್ಪಿನವರೆಗೆ ಕ್ರಮವಾಗಿ ಹೇಳುವುದನ್ನು ಬಿಟ್ಟು ಅಲ್ಲಿಂದಲೇ ಶುರುಮಾಡುತ್ತೇನೆ.

ಇಪ್ಪತ್ತೆರಡು ವರ್ಷದ ಹುಡುಗಿ, ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದು ಕೆಲಸಕ್ಕೆ ಹೋಗುತ್ತಾಳೆ ಅಂದುಕೊಳ್ಳಿ. ಗೆಳತಿಯನ್ನು ಕಂಡರೆ ಪ್ರಾಣ. ಆ ಗೆಳತಿ ಒಂದು ಸಂಜೆ ಮೆಸೇಜಿಗೆ ಉತ್ತರ ಕೊಡದಿದ್ದರೆ ಸಾಕು, ಲೋಕವೇ ತನ್ನನ್ನು ಬಿಟ್ಟುಹೋಯಿತು ಅನಿಸುತ್ತದೆ. ಬೆಳಿಗ್ಗೆ ದೇವತೆಯಾಗಿದ್ದವಳು ರಾತ್ರಿಗೆ ದ್ರೋಹಿಯಾಗುತ್ತಾಳೆ. ಒಳಗೆ ಏನೂ ಇಲ್ಲ, ಖಾಲಿ, ಎನ್ನುತ್ತಾಳೆ. ತೋಳಿನ ಮೇಲೆ ತಾನೇ ಮಾಡಿಕೊಂಡ ಗಾಯಗಳಿರುತ್ತವೆ. ಕ್ಯಾಶುವಾಲ್ಟಿಗೆ ಬಂದರೆ ನಮ್ಮವರೇ ಕಣ್ಣು ಮಿಟುಕಿಸಿ ‘ಅಟೆನ್ಷನ್‌ಗೆ ಮಾಡಿಕೊಂಡಿದಾಳೆ’ ಅನ್ನುತ್ತಾರೆ. ವೈದ್ಯರಲ್ಲಿ ಇಷ್ಟು ತಾತ್ಸಾರಕ್ಕೆ ಒಳಗಾಗುವ ಇನ್ನೊಂದು ರೋಗಿವರ್ಗವನ್ನು ನಾನು ಕಂಡಿಲ್ಲ. ಇವಳಂಥವರ ತೊಡಕನ್ನೇ ಬಾರ್ಡರ್‌ಲೈನ್ ಎನ್ನುವುದು.

ಇವಳಿಗೆ ಖಿನ್ನತೆಯೂ ಇರುತ್ತದೆ. ಬಾಸ್ಟನ್ ಹತ್ತಿರದ ಮೆಕ್‌ಲೀನ್ ಆಸ್ಪತ್ರೆಯಲ್ಲಿ ಮೇರಿ ಝನಾರಿನಿ ಮತ್ತು ಸಂಗಡಿಗರು ಬಾರ್ಡರ್‌ಲೈನ್ ಒಳರೋಗಿಗಳನ್ನು ಪರೀಕ್ಷಿಸಿದಾಗ ನೂರಕ್ಕೆ 83 ಜನರಿಗೆ ಬದುಕಿನಲ್ಲಿ ಒಮ್ಮೆಯಾದರೂ ತೀವ್ರ ಖಿನ್ನತೆ ಬಂದಿತ್ತು. ಆದರೆ ಆ ಖಿನ್ನತೆಯ ಬಣ್ಣ ಬೇರೆ. ಉಳಿದವರಲ್ಲಿ ವಾರಗಟ್ಟಲೆ ಒಂದೇ ಸಮನಾಗಿ ಕವಿದಿರುವ ಮಂಕು ಇವಳಲ್ಲಿ ಗಂಟೆಗೊಮ್ಮೆ ಏರಿಳಿಯುತ್ತದೆ, ಸಂಬಂಧ ಹದಗೆಟ್ಟ ಕ್ಷಣಕ್ಕೆ ಕುಸಿಯುತ್ತದೆ, ದುಃಖಕ್ಕಿಂತ ಸಿಟ್ಟು ಜಾಸ್ತಿ. ಇಲ್ಲಿ ನಾವು ವೈದ್ಯರು ಎಡವುತ್ತೇವೆ. ಖಿನ್ನತೆ ಕಣ್ಣಿಗೆ ಬೀಳುತ್ತದೆ, ಮಾತ್ರೆ ಬರೆಯುತ್ತೇವೆ. ಕಡಿಮೆಯಾಗದಿದ್ದರೆ ಡೋಸ್ ಏರಿಸುತ್ತೇವೆ, ಎರಡನೆಯದನ್ನು ಸೇರಿಸುತ್ತೇವೆ, ನಿದ್ದೆಗೆ ಒಂದು, ಸಿಟ್ಟಿಗೆ ಒಂದು. ಚೀಟಿ ಉದ್ದವಾಗುತ್ತದೆ, ಹುಡುಗಿ ಅಲ್ಲೇ ಇರುತ್ತಾಳೆ. ಜಾನ್ ಗುಂಡರ್‌ಸನ್ ತಂಡ 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಾರ್ಡರ್‌ಲೈನ್ ತೊಡಕು ಕಡಿಮೆಯಾದವರಲ್ಲಿ ಆಮೇಲೆ ಖಿನ್ನತೆಯೂ ಇಳಿಯುತ್ತದೆ. ಖಿನ್ನತೆ ಇಳಿದ ಮಾತ್ರಕ್ಕೆ ಬಾರ್ಡರ್‌ಲೈನ್ ಇಳಿಯುವುದಿಲ್ಲ. ಬಾರ್ಡರ್‌ಲೈನ್‌ಗೆಂದೇ ಮಂಜೂರಾದ ಔಷಧ ಇವತ್ತಿಗೂ ಒಂದೂ ಇಲ್ಲ. ಅದಕ್ಕಾಗಿಯೇ ಎಂದು ಔಷಧ ಕೊಡಬೇಡಿ ಎಂದು ಬ್ರಿಟನ್ನಿನ ನೈಸ್ ಎಂಬ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ 2009ರಲ್ಲೇ ಹೇಳಿದೆ. ಕೆಲಸ ಮಾಡುವುದು ಮಾತಿನ ಚಿಕಿತ್ಸೆ, ಅದೂ ತರಬೇತಿ ಪಡೆದವರಿಂದ, ತಿಂಗಳುಗಟ್ಟಲೆ.

ಅಂಥ ಒಂದು ಚಿಕಿತ್ಸೆಯನ್ನು ಕಟ್ಟಿದವರ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಅಮೆರಿಕದ ಟಲ್ಸಾ ಊರಿನ ಮಾರ್ಷಾ ಲಿನೆಹನ್‌ರನ್ನು 1961ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಹಾರ್ಟ್‌ಫರ್ಡ್‌ನ ಒಂದು ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ತನ್ನನ್ನು ತಾನು ಗಾಯಗೊಳಿಸಿಕೊಳ್ಳುವುದು ನಿಲ್ಲಲಿಲ್ಲ. ಸ್ಕಿಝೋಫ್ರೇನಿಯಾ ಎಂದರು, ವಿದ್ಯುತ್ ಚಿಕಿತ್ಸೆ ಕೊಟ್ಟರು, ಏಕಾಂತ ಕೋಣೆಯಲ್ಲಿ ಇಟ್ಟರು. ಎರಡು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿದ್ದ ಆ ಹುಡುಗಿ ಹೊರಬಂದು ಮನಶ್ಶಾಸ್ತ್ರ ಓದಿ, ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾಗಿ, ತನ್ನಂಥವರಿಗಾಗಿಯೇ ಒಂದು ಚಿಕಿತ್ಸಾ ವಿಧಾನ ರೂಪಿಸಿದರು. ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಚಿಕ್ಕದಾಗಿ ಡಿಬಿಟಿ. ಅದರ ಮೊದಲ ಪ್ರಯೋಗದ ಫಲಿತಾಂಶ 1991ರಲ್ಲಿ ಬಂತು. ವಾರಕ್ಕೊಮ್ಮೆ ಒಬ್ಬೊಬ್ಬರ ಜೊತೆ ಮಾತು, ವಾರಕ್ಕೊಮ್ಮೆ ಗುಂಪಿನ ತರಗತಿ, ನಡುವೆ ಸಂಕಟ ಬಂದರೆ ಫೋನು. ತರಗತಿ ಎಂದೇ ಕರೆಯುತ್ತಾರೆ, ಏಕೆಂದರೆ ಅಲ್ಲಿ ಕಲಿಸುವುದು ಕೌಶಲಗಳನ್ನು: ಈ ಗಳಿಗೆಯಲ್ಲಿ ನಿಲ್ಲುವುದು, ಸಂಕಟವನ್ನು ಇನ್ನಷ್ಟು ಕೆಡಿಸದೆ ದಾಟುವುದು, ಭಾವನೆಗೆ ಹೆಸರು ಕೊಡುವುದು, ಜಗಳವಾಡದೆ ಕೇಳುವುದು, ನೊಂದುಕೊಳ್ಳದೆ ಇಲ್ಲ ಎನ್ನುವುದು. ‘ನೀನು ಇರುವ ಹಾಗೇ ನಿನ್ನನ್ನು ಒಪ್ಪಿದ್ದೇನೆ’ ಮತ್ತು ‘ನೀನು ಬದಲಾಗಲೇಬೇಕು’ ಎಂಬ ಎರಡು ಮಾತನ್ನು ಒಟ್ಟಿಗೆ ಹೇಳುವುದು ಇದರ ಜೀವಾಳ. ನಮ್ಮ ಮನೆಗಳಲ್ಲಿ ಇವುಗಳಲ್ಲಿ ಒಂದನ್ನು ಹೇಳಿದವರು ಇನ್ನೊಂದನ್ನು ಮರೆಯುತ್ತಾರೆ. ತಮ್ಮ ಹಿನ್ನೆಲೆಯನ್ನು ಲಿನೆಹನ್ ಬಹಿರಂಗವಾಗಿ ಹೇಳಿದ್ದು 2011ರಲ್ಲಿ, ಅದೇ ಹಳೆಯ ಆಸ್ಪತ್ರೆಗೆ ಹೋಗಿ.

ಈಗ ಗಾದೆಯ ವಿಷಯ. ಮೂವತ್ತಕ್ಕೆ ಸ್ವಭಾವ ಗಟ್ಟಿಯಾಗಿಬಿಡುತ್ತದೆ, ಮತ್ತೆ ಮೆದುವಾಗದು ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲಿ ಬರೆದರು. ನಮ್ಮ ಗಾದೆಯ ಇಂಗ್ಲಿಷ್ ರೂಪ ಅನ್ನಿ. ಝನಾರಿನಿ ತಂಡ 1992ರಿಂದ 290 ಬಾರ್ಡರ್‌ಲೈನ್ ರೋಗಿಗಳನ್ನು ಎರಡು ವರ್ಷಕ್ಕೊಮ್ಮೆ ಭೇಟಿಯಾಗುತ್ತ ಬಂತು. ಹತ್ತು ವರ್ಷ ಮುಗಿಯುವಾಗ ನೂರಕ್ಕೆ 93 ಜನರಲ್ಲಿ ಕಾಯಿಲೆಯ ಲಕ್ಷಣಗಳು ಕನಿಷ್ಠ ಎರಡು ವರ್ಷ ಕಾಲ ದೂರವಾಗಿದ್ದವು. ಇದನ್ನು ಕೇಳಿ ಚಪ್ಪಾಳೆ ತಟ್ಟುವ ಮುಂಚೆ ಇನ್ನೊಂದು ಅಂಕಿಯನ್ನೂ ಕೇಳಿ: ಲಕ್ಷಣಗಳೂ ಹೋಗಿ, ಕೆಲಸ ಮತ್ತು ಆಪ್ತ ಸಂಬಂಧಗಳೂ ಕೈಗೂಡಿದವರು ಅರ್ಧದಷ್ಟು ಮಾತ್ರ. ಸಿಟ್ಟು, ಗಾಯ, ದುಡುಕು ಇಳಿಯುತ್ತವೆ. ಆ ಹತ್ತು ವರ್ಷದಲ್ಲಿ ಕಳೆದುಹೋದ ಓದು, ನೌಕರಿ, ಗೆಳೆಯರು ತಾವಾಗಿ ವಾಪಸ್ಸು ಬರುವುದಿಲ್ಲ. ಆದ್ದರಿಂದಲೇ ಬೇಗ ಶುರುಮಾಡಬೇಕು. ಮೆಲ್ಬರ್ನ್‌ನಲ್ಲಿ ಆಂಡ್ರ್ಯೂ ಚಾನೆನ್ ಅವರು ಹದಿನೈದರಿಂದ ಇಪ್ಪತ್ತೈದು ವರ್ಷದವರಿಗೆಂದೇ ಇಂಥ ಕ್ಲಿನಿಕ್ ನಡೆಸುತ್ತ ಬಂದಿದ್ದಾರೆ. ಹದಿನೆಂಟು ತುಂಬುವವರೆಗೆ ಆ ಹೆಸರನ್ನೇ ಎತ್ತಬಾರದು ಎಂಬ ಹಳೆಯ ಮಡಿವಂತಿಕೆಯನ್ನು ಅವರು ಮುರಿದರು.

ಇದೆಲ್ಲ ಪಶ್ಚಿಮದ ಕಾಯಿಲೆ, ಇಂಗ್ಲಿಷ್ ಓದಿದವರದು ಎನ್ನುವ ಆಕ್ಷೇಪ ಪ್ರಶ್ನೋತ್ತರದಲ್ಲಿ ಬಂದೇ ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ವ್ಯಕ್ತಿತ್ವ ದೋಷಗಳನ್ನು ಗುರುತಿಸುವ ಸಂದರ್ಶನ ಪದ್ಧತಿಯನ್ನು ಹನ್ನೊಂದು ದೇಶಗಳಲ್ಲಿ ಪರೀಕ್ಷಿಸಿ 1994ರಲ್ಲಿ ವರದಿ ಪ್ರಕಟಿಸಿತು. ಅದರಲ್ಲಿ ಬೆಂಗಳೂರೂ ಒಂದು ಕೇಂದ್ರ. ಆ ಪ್ರಶ್ನಾವಳಿಗೆ ಕನ್ನಡ ರೂಪವೂ ಇದೆ. ನಮ್ಮ ಜನರಿಗೆ ನಮ್ಮ ಭಾಷೆಯಲ್ಲಿ ಈ ಪ್ರಶ್ನೆಗಳನ್ನು ಕೇಳಿ ಮೂರು ದಶಕ ಆಗಿದೆ. ಇಲ್ಲಿಯ ವಿಶೇಷ ಇರುವುದು ನಮ್ಮ ಮನೆಮದ್ದಿನಲ್ಲಿ: ಮದುವೆ. ‘ಒಂದು ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತೆ.’ ಒಂಟಿಯಾಗುವ ಭಯದಿಂದ ನರಳುವವಳನ್ನು ಅಪರಿಚಿತರ ಮನೆಗೆ ಕಳಿಸುವ ಈ ಚಿಕಿತ್ಸೆಯ ಫಲವನ್ನು ಕೌಟುಂಬಿಕ ನ್ಯಾಯಾಲಯದ ವಕೀಲರು ನನಗಿಂತ ಚೆನ್ನಾಗಿ ಬಲ್ಲರು.

ಮಕ್ಕಳ ಕಡೆ ತಿರುಗೋಣ. ಮಗುವಿಗೆ ಖಿನ್ನತೆ ಬರುವುದೇ ಇಲ್ಲ, ಅದಕ್ಕೆ ಬೇಕಾದಷ್ಟು ಮನಸ್ಸು ಇನ್ನೂ ಬಲಿತಿರುವುದಿಲ್ಲ ಎಂದು ಮನೋವಿಶ್ಲೇಷಕರಲ್ಲಿ ಹಲವರು ದಶಕಗಟ್ಟಲೆ ವಾದಿಸುತ್ತಿದ್ದರು. ತಾಯಿಯಿಂದ ಬೇರ್ಪಟ್ಟ ಹಸುಗೂಸುಗಳು ಅಳುವುದನ್ನೂ ಬಿಟ್ಟು, ಮುಖ ತಿರುಗಿಸಿ, ತೂಕ ಇಳಿಸಿಕೊಳ್ಳುವುದನ್ನು ರೆನೆ ಸ್ಪಿಟ್ಸ್ 1946ರಲ್ಲೇ ಬರೆದಿಟ್ಟಿದ್ದರೂ ಆ ವಾದ ನಡೆದೇ ಇತ್ತು. ಮಕ್ಕಳು ‘ನನಗೆ ಬೇಜಾರು’ ಅನ್ನುವುದು ಕಡಿಮೆ. ಹೊಟ್ಟೆನೋವು ಅನ್ನುತ್ತವೆ, ಅದೂ ಸೋಮವಾರ ಬೆಳಿಗ್ಗೆ. ಸಿಡುಕುತ್ತವೆ. ಹದಿಹರೆಯದಲ್ಲಿ ದುಃಖದ ಬದಲು ಸಿಡುಕೇ ಮುಖ್ಯ ಲಕ್ಷಣ ಆಗಬಹುದೆಂದು ಅಮೆರಿಕದ ಕೈಪಿಡಿಯೂ ಒಪ್ಪುತ್ತದೆ. ಮನೆಯಲ್ಲಿ ಅದಕ್ಕೆ ಹಠ, ಕೊಬ್ಬು, ಮೊಬೈಲ್ ಹುಚ್ಚು ಎಂದು ಹೆಸರು. ಪ್ರೌಢಾವಸ್ಥೆಗೆ ಮುಂಚೆ ಗಂಡು ಹೆಣ್ಣು ಸರಿಸುಮಾರು ಸಮ. ಆಮೇಲೆ ಹುಡುಗಿಯರಲ್ಲಿ ಖಿನ್ನತೆ ಹೆಚ್ಚುಕಡಿಮೆ ಎರಡರಷ್ಟು. ಕೂಗಾಡುವ ಹುಡುಗನನ್ನು ಶಾಲೆ ಗಮನಿಸುತ್ತದೆ, ಸುಮ್ಮನೆ ಅಂಕ ಕಳೆದುಕೊಳ್ಳುವ ಹುಡುಗಿಯನ್ನು ಗಮನಿಸುವುದಿಲ್ಲ.

ಈ ವಯಸ್ಸಿನವರ ಸ್ವಭಾವದ ಬಗ್ಗೆ ತೀರ್ಪು ಕೊಡುವವರು ನ್ಯೂಜಿಲೆಂಡಿನ ಡನೀಡಿನ್ ಅಧ್ಯಯನವನ್ನು ನೆನಪಿಡಬೇಕು. ಆ ಊರಿನಲ್ಲಿ 1972-73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ಇವತ್ತಿನವರೆಗೂ ಹಿಂಬಾಲಿಸುತ್ತ ಬಂದಿದ್ದಾರೆ. ಆ ಮಾಹಿತಿಯನ್ನು ಬಳಸಿ ಟೆರ‍್ರಿ ಮಾಫಿಟ್ 1993ರಲ್ಲಿ ಹೇಳಿದ್ದು: ಹದಿಹರೆಯದಲ್ಲಿ ಕದ್ದು, ಸುಳ್ಳು ಹೇಳಿ, ಗಲಾಟೆ ಮಾಡುವ ಹುಡುಗರಲ್ಲಿ ಬಹುಪಾಲು ಜನ ಆ ವಯಸ್ಸು ದಾಟಿದ ಮೇಲೆ ಬಿಡುತ್ತಾರೆ. ತೀರಾ ಚಿಕ್ಕಂದಿನಿಂದಲೇ ಶುರುವಾದ ಸಣ್ಣ ಗುಂಪಿನಲ್ಲಿ ಮಾತ್ರ ಅದು ಮುಂದುವರಿಯುತ್ತದೆ. ಸಮಾಜವಿರೋಧಿ ವ್ಯಕ್ತಿತ್ವ ಎಂಬ ಹೆಸರನ್ನು ಹದಿನೆಂಟಕ್ಕೆ ಮುಂಚೆ ಕೊಡುವಂತಿಲ್ಲ ಎಂಬ ನಿಯಮ ಸುಮ್ಮನೆ ಬಂದಿಲ್ಲ.

ಮಾತ್ರೆಯ ಬಗ್ಗೆ ತಂದೆತಾಯಿಯರು ಹೆದರುತ್ತಾರೆ. ಖಿನ್ನತೆಯ ಔಷಧಗಳಿಂದ ಮಕ್ಕಳಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದೆಂದು ಅಮೆರಿಕದ ಔಷಧ ಪ್ರಾಧಿಕಾರ 2004ರಲ್ಲಿ ಎಚ್ಚರಿಕೆ ಹಾಕಿತು. 2007ರಲ್ಲಿ ಅದನ್ನು ಇಪ್ಪತ್ತನಾಲ್ಕು ವರ್ಷದವರೆಗೆ ವಿಸ್ತರಿಸಿತು. ಅದೇ 2004ರಲ್ಲಿ ಹನ್ನೆರಡರಿಂದ ಹದಿನೇಳು ವರ್ಷದ 439 ಮಕ್ಕಳ ಪ್ರಯೋಗವೂ ಪ್ರಕಟವಾಯಿತು. ಫ್ಲುಯೊಕ್ಸೆಟಿನ್ ಮಾತ್ರೆ ಮತ್ತು ಮಾತಿನ ಚಿಕಿತ್ಸೆ ಎರಡೂ ಸಿಕ್ಕವರಲ್ಲಿ ನೂರಕ್ಕೆ 71 ಜನ ಚೇತರಿಸಿದರು, ಸುಳ್ಳುಮಾತ್ರೆ ತೆಗೆದುಕೊಂಡವರಲ್ಲಿ 35. ಹೆದರಿಕೆಗೂ ಆಧಾರವಿದೆ, ಔಷಧಕ್ಕೂ ಆಧಾರವಿದೆ. ಮೊದಲ ಕೆಲವು ವಾರ ವೈದ್ಯರು ಪದೇ ಪದೇ ನೋಡಬೇಕು, ಮನೆಯವರು ಕಣ್ಣಿಡಬೇಕು.

ಬಾಣಂತಿಯರ ವಿಷಯಕ್ಕೆ ಬಂದರೆ, ಬಾಣಂತಿ ಸನ್ನಿ ಎಂದರೆ ನಮ್ಮ ಅಜ್ಜಿಯರಿಗೂ ಗೊತ್ತಿತ್ತು. ಅದು ಗದ್ದಲದ ಕಾಯಿಲೆ, ಯಾರೂ ಕಡೆಗಣಿಸುವುದಿಲ್ಲ. ಸದ್ದಿಲ್ಲದ ಖಿನ್ನತೆಯೇ ತಪ್ಪಿಹೋಗುವುದು. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ನಮ್ಮ ಪಕ್ಕದ ಗೋವಾದಲ್ಲಿ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆರಿಗೆಯಾಗಿ ಆರೆಂಟು ವಾರದ ತಾಯಂದಿರಲ್ಲಿ ನೂರಕ್ಕೆ 23 ಜನರಿಗೆ ಖಿನ್ನತೆ ಕಂಡಿತು. ಬಡತನ, ಗಂಡನ ಹೊಡೆತ ಇವುಗಳ ಜೊತೆ ಇನ್ನೊಂದು ಕಾರಣವೂ ಅಲ್ಲಿತ್ತು: ಹುಟ್ಟಿದ್ದು ಹೆಣ್ಣುಮಗು. ಆ ತಾಯಿಗೆ ಮೈಗಳ್ಳಿ ಎಂಬ ಬಿರುದು ಸಿಗುತ್ತದೆ, ‘ತವರಿನ ಬುದ್ಧಿ’ ಎಂಬ ಮಾತು ಬರುತ್ತದೆ. ಗುಣ ಎಂಬ ಆರೋಪ ಇಷ್ಟು ಅನ್ಯಾಯವಾಗಿ ಬೀಳುವ ವಯಸ್ಸು ಇನ್ನೊಂದಿಲ್ಲ.

ನಡುವಯಸ್ಸಿನ ಗಂಡಸರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅವರೇ ಹೆಚ್ಚು ಹೇಳುವುದಿಲ್ಲವಲ್ಲ. ನಿಮ್ಹಾನ್ಸ್ ನೇತೃತ್ವದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಹನ್ನೆರಡು ರಾಜ್ಯಗಳಲ್ಲಿ ನಡೆಯಿತು. ವಯಸ್ಕರಲ್ಲಿ ಇಪ್ಪತ್ತಕ್ಕೊಬ್ಬರಿಗೆ ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆ ಬಂದಿತ್ತು. ನಲವತ್ತರಿಂದ ನಲವತ್ತೊಂಬತ್ತು ವರ್ಷದವರಲ್ಲಿ ಹೆಚ್ಚು. ಖಿನ್ನತೆ ಇದ್ದ ನೂರು ಜನರಲ್ಲಿ ಸುಮಾರು 85 ಜನ ಚಿಕಿತ್ಸೆ ಪಡೆದಿರಲಿಲ್ಲ. ಗಂಡಸರು ಮೈಕೈ ನೋವು, ಗ್ಯಾಸ್ಟ್ರಿಕ್, ಸುಸ್ತು ಎನ್ನುತ್ತಾರೆ, ಶಕ್ತಿ ಬರಲಿ ಎಂದು ಗ್ಲೂಕೋಸ್ ಹಾಕಿಸಿಕೊಳ್ಳುತ್ತಾರೆ, ಸಂಜೆ ಕುಡಿಯುತ್ತಾರೆ. ಕುಡಿತ ಖಿನ್ನತೆಯನ್ನು ಮುಚ್ಚುತ್ತದೆ, ಮತ್ತೆ ಅದನ್ನೇ ಹೆಚ್ಚಿಸುತ್ತದೆ.

ಇನ್ನೊಂದು ಬಗೆಯವರು ನನಗೆ ಕುತೂಹಲ. ಎಲ್ಲ ಅಚ್ಚುಕಟ್ಟು, ಎಲ್ಲ ನಿಯಮದ ಪ್ರಕಾರ, ಒಂದು ಅಂಕಿ ತಪ್ಪಿದರೆ ನಿದ್ದೆ ಬಾರದವರು. ಮನೆಯವರಿಗೆ ಇದು ಹಿಂಸೆ, ಇಲಾಖೆಗೆ ವರ. ಮೂವತ್ತು ವರ್ಷ ಇವರನ್ನು ಮಾದರಿ ನೌಕರ ಎಂದು ಹೊಗಳುತ್ತೇವೆ. ನಿವೃತ್ತಿಯ ದಿನ ಶಾಲು ಹೊದಿಸಿ ಕಳಿಸಿದ ಮೇಲೆ ಆ ಕಟ್ಟುನಿಟ್ಟಿಗೆ ಮಾಡಲು ಕೆಲಸವಿಲ್ಲ. ಅಡುಗೆಮನೆಯ ಡಬ್ಬಿಗಳನ್ನು ಲೆಕ್ಕ ಹಾಕಲು ಶುರುಮಾಡುತ್ತಾರೆ. ಆರು ತಿಂಗಳಲ್ಲಿ ಖಿನ್ನತೆ. ದೋಷವೆಂದು ಯಾರೂ ಕರೆಯದ ಸ್ವಭಾವ, ಆಸರೆ ತಪ್ಪಿದಾಗ ಕುಸಿಯುವ ರೀತಿ ಇದು. ಗಂಡನ ಅನುಮಾನದ ಸ್ವಭಾವವನ್ನು ನಲವತ್ತು ವರ್ಷ ಸಂಭಾಳಿಸಿದ ಹೆಂಡತಿ ತೀರಿಕೊಂಡಾಗಲೂ ಹೀಗೇ. ಎಪ್ಪತ್ತಕ್ಕೆ ಹೊಸದಾಗಿ ಬಂದ ಕಾಯಿಲೆ ಎಂದು ಮಕ್ಕಳು ಅಂದುಕೊಳ್ಳುತ್ತಾರೆ, ಅಪ್ಪನಲ್ಲಿ ಅದು ಬದುಕಿನುದ್ದಕ್ಕೂ ಇತ್ತು.

ಅರವತ್ತಕ್ಕೆ ಅರಳು ಮರಳು ಎಂಬುದು ಇನ್ನೊಂದು ಗಾದೆ, ಇದರ ಮೇಲೆ ನನಗೆ ಇನ್ನೂ ಸಿಟ್ಟು. ಮುದುಕರಲ್ಲಿ ಖಿನ್ನತೆ ಮರೆವಿನ ವೇಷ ಹಾಕಿಕೊಂಡು ಬರುತ್ತದೆ. ಒಂದು ಸುಳಿವು ಹೇಳುತ್ತೇನೆ, ಇದು ಪೂರ್ತಿ ನಂಬತಕ್ಕದ್ದಲ್ಲ ಆದರೂ ಉಪಯೋಗಕ್ಕೆ ಬರುತ್ತದೆ. ಖಿನ್ನತೆಯವರು ‘ನನಗೆ ಏನೂ ನೆನಪಿರಲ್ಲ, ತಲೆ ಹೋಯ್ತು’ ಎಂದು ತಾವೇ ದೂರು ಹೇಳುತ್ತಾರೆ. ಪ್ರಶ್ನೆ ಕೇಳಿದರೆ ಗೊತ್ತಿಲ್ಲ ಎಂದು ಕೈಚೆಲ್ಲುತ್ತಾರೆ. ಡಿಮೆನ್ಷಿಯಾದವರು ಮರೆವನ್ನು ಮುಚ್ಚಿಡುತ್ತಾರೆ, ಏನೋ ಒಂದು ತಪ್ಪು ಉತ್ತರ ಕೊಟ್ಟು ನಗುತ್ತಾರೆ. ಥೈರಾಯ್ಡ್, ಬಿ-12, ಸೋಡಿಯಂ ಪರೀಕ್ಷೆ ಮಾಡಿಸದೆ ಇಬ್ಬರಿಗೂ ಹೆಸರಿಡಬಾರದು. ಚಿಕಿತ್ಸೆಯಲ್ಲೂ ವಯಸ್ಸಿನ ಲೆಕ್ಕವಿದೆ: ಅಮಿಟ್ರಿಪ್ಟಿಲಿನ್‌ನಂಥ ಹಳೆಯ ಮಾತ್ರೆಗಳಿಂದ ವಯಸ್ಸಾದವರಿಗೆ ಮೂತ್ರ ಕಟ್ಟಬಹುದು, ಗೊಂದಲ ಹೆಚ್ಚಬಹುದು, ಹೊಸ ಮಾತ್ರೆಗಳಿಂದ ಸೋಡಿಯಂ ಇಳಿಯಬಹುದು. ಮಕ್ಕಳಲ್ಲಿ ಕಂಡ ಆ ಆತ್ಮಹತ್ಯೆಯ ಎಚ್ಚರಿಕೆ ಅರವತ್ತೈದು ದಾಟಿದವರಿಗೆ ಅನ್ವಯಿಸುವುದಿಲ್ಲ, ಅವರಲ್ಲಿ ಔಷಧದಿಂದ ಆ ಅಪಾಯ ಇಳಿಯುತ್ತದೆ.

ಸ್ವಭಾವವೇ ಬದಲಾದರೆ? ಜೀವಮಾನವಿಡೀ ಮರ್ಯಾದಸ್ಥರಾಗಿದ್ದವರು ಐವತ್ತೈದು ಅರವತ್ತರಲ್ಲಿ ಅಸಭ್ಯ ಮಾತಾಡತೊಡಗಿದರೆ, ಅಂಗಡಿಯಿಂದ ಸಾಮಾನು ಎತ್ತಿಕೊಂಡು ಬಂದರೆ, ಸಿಹಿ ತಿಂದಷ್ಟೂ ಸಾಲದೆ ಹೋದರೆ, ಹೆಂಡತಿ ಬಿದ್ದು ಕಾಲು ಮುರಿದರೂ ಅಯ್ಯೋ ಅನ್ನದಿದ್ದರೆ, ಅದನ್ನು ‘ವಯಸ್ಸಾದ ಮೇಲೆ ನಿಜ ಗುಣ ಹೊರಬಂತು’ ಎಂದು ತಳ್ಳಬೇಡಿ. ಮೆದುಳಿನ ಮುಂಭಾಗ ಮತ್ತು ಪಕ್ಕದ ಭಾಗ ಸವೆಯುವ ಫ್ರಂಟೋಟೆಂಪೊರಲ್ ಡಿಮೆನ್ಷಿಯಾ ಹೀಗೆಯೇ ಶುರುವಾಗುತ್ತದೆ, ಮರೆವು ಆಮೇಲೆ. ವ್ಯಕ್ತಿತ್ವ ದೋಷ ಅರವತ್ತಕ್ಕೆ ಹೊಸದಾಗಿ ಹುಟ್ಟುವುದಿಲ್ಲ. ಹುಟ್ಟಿದಂತೆ ಕಂಡರೆ ಮೊದಲು ಮೆದುಳಿನ ಸ್ಕ್ಯಾನ್ ಆಗಬೇಕು.

ಎಲ್ಲಿಗೆ ಹೋಗುವುದು ಎಂದು ಕೇಳುತ್ತೀರಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು ಹಳ್ಳಿಗಳಲ್ಲೇ ಮಾನಸಿಕ ಚಿಕಿತ್ಸೆ ಒದಗಿಸಬಹುದೆಂದು ದೇಶಕ್ಕೆ ತೋರಿಸಿಕೊಟ್ಟದ್ದು 1985ರಿಂದ 1990ರವರೆಗೆ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ನಿಮ್ಹಾನ್ಸ್ ಪ್ರಯೋಗ. ಆ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಈಗ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರ ವಿಭಾಗವಿದೆ. 2022ರ ಅಕ್ಟೋಬರ್ 10ರಿಂದ ಟೆಲಿ-ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416, ಹಗಲು ರಾತ್ರಿ, ಕನ್ನಡದಲ್ಲೂ, ಉಚಿತ. ನೋವಿನಲ್ಲಿರುವವರೇ ಮಾಡಬೇಕೆಂದಿಲ್ಲ, ಮನೆಯವರೂ ಮಾಡಬಹುದು. ಆತ್ಮಹತ್ಯೆಗೆ ಯತ್ನಿಸಿದವರನ್ನು ಕೇಸಿನ ಭಯದಿಂದ ಬಚ್ಚಿಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೆಯ ಕಲಂ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸುತ್ತದೆ, ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯ ಎನ್ನುತ್ತದೆ.

ಆಸ್ಪತ್ರೆಗೆ ಬರುವಾಗ ಹಳೆಯ ಚೀಟಿಗಳನ್ನೆಲ್ಲ ತನ್ನಿ. ರೋಗಿಯನ್ನು ಚಿಕ್ಕಂದಿನಿಂದ ಬಲ್ಲ ಒಬ್ಬರನ್ನು, ಅಕ್ಕನೋ ಸೋದರಮಾವನೋ, ಜೊತೆಗೆ ಕರೆತನ್ನಿ. ನಾವು ಮೊದಲು ಕೇಳುವುದು ‘ಯಾವಾಗಿನಿಂದ ಹೀಗೆ?’ ಎಂದು. ಅದಕ್ಕೆ ‘ಮೊದಲಿಂದಾನೂ’ ಎಂದು ಒಂದೇ ಮಾತಿನಲ್ಲಿ ಹೇಳಿಬಿಡಬೇಡಿ. ಎಸ್ಸೆಸ್ಸೆಲ್ಸಿಯಲ್ಲಿ ಹೇಗಿದ್ದರು, ಮದುವೆಗೆ ಮುಂಚೆ ಹೇಗಿದ್ದರು, ಕೆಲಸಕ್ಕೆ ಸೇರಿದಾಗ ಹೇಗಿದ್ದರು ಎಂದು ಬಸ್ಸಿನಲ್ಲಿ ಬರುವಾಗಲೇ ಮಾತಾಡಿಕೊಂಡು ಬನ್ನಿ.